ನೇಕಾರರ ಮನೆತನವೊಂದು ಚಕ್ರವರ್ತಿಗೇ ಸಾಲ ಕೊಟ್ಟ ಕಥೆ: ಆಗ್ಸ್‌ಬರ್ಗ್‌ನ ಫುಗ್ಗರ್‌ಗಳು

ಮ್ಯೂನಿಕ್_ಕನ್ನಡತಿ

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಜರ್ಮನಿಯ ಆಗ್ಸ್‌ಬರ್ಗ್‌ಗೆ ಹೋಗಿದ್ದೆ. ಅಲ್ಲಿ ಫುಗ್ಗರೈ ಅಂತ ಒಂದು ಪುಟ್ಟ ಕೇರಿ ಇದೆ. ಸುತ್ತ ಗೋಡೆ, ಅಲ್ಲಲ್ಲಿ ದೊಡ್ಡ ಬಾಗಿಲು, ಒಳಗೆ ಹಳದಿ ಬಣ್ಣದ ಎರಡಂತಸ್ತಿನ ಮನೆಗಳ ಸಾಲು. ಕಷ್ಟದಲ್ಲಿರುವ ಆಗ್ಸ್‌ಬರ್ಗ್‌ನ ಕ್ಯಾಥೊಲಿಕರಿಗೆ ಅಂತಲೇ ಕಟ್ಟಿಸಿದ ಮನೆಗಳು. ಬಾಡಿಗೆ ಎಷ್ಟು ಗೊತ್ತಾ? 88 ಸೆಂಟ್. ಅದೂ ವರ್ಷಕ್ಕೆ! 1521ರ ದಾನಪತ್ರದಲ್ಲಿ ವರ್ಷಕ್ಕೆ ಒಂದು ರೈನ್ ಗುಲ್ಡೆನ್ (ಆಗಿನ ಚಿನ್ನದ ನಾಣ್ಯ) ಅಂತ ಬರೆದಿದ್ದರು. ಅದನ್ನೇ ಯೂರೋ ಲೆಕ್ಕಕ್ಕೆ ತಂದು ಇವತ್ತಿಗೂ ಅಷ್ಟೇ ತೆಗೆದುಕೊಳ್ಳುತ್ತಾರೆ. ಜೊತೆಗೆ ಇನ್ನೊಂದು ಷರತ್ತು ಇದೆ. ಅಲ್ಲಿರುವವರು ಕಟ್ಟಿಸಿದವರ ಮನೆತನಕ್ಕಾಗಿ ದಿನಕ್ಕೆ ಮೂರು ಪ್ರಾರ್ಥನೆ ಹೇಳಬೇಕು.

ಕಟ್ಟಿಸಿದವನು ಯಾಕೋಬ್ ಫುಗ್ಗರ್. 1459ರಲ್ಲಿ ಹುಟ್ಟಿ 1525ರ ಡಿಸೆಂಬರ್ 30ಕ್ಕೆ ತೀರಿಕೊಂಡ. ಊರಿನವರು ಅವನನ್ನು ಇವತ್ತಿಗೂ 'ಶ್ರೀಮಂತ ಯಾಕೋಬ್' ಅಂತಲೇ ಕರೆಯುತ್ತಾರೆ.

ಮನೆಗೆ ಬಂದ ಮೇಲೆ ಈ ಮನೆತನದ ಬಗ್ಗೆ ಓದಲು ಶುರು ಮಾಡಿದೆ. ಒಂದು ವಿಷಯ ತಲೆಯಲ್ಲೇ ಕೂತುಬಿಟ್ಟಿದೆ. ಇವರ ಮೂಲಪುರುಷ ಹನ್ಸ್ ಫುಗ್ಗರ್ 1367ರಲ್ಲಿ ಗ್ರಾಬೆನ್ ಅನ್ನುವ ಹಳ್ಳಿಯಿಂದ ಆಗ್ಸ್‌ಬರ್ಗ್‌ಗೆ ಬಂದ ಒಬ್ಬ ನೇಕಾರ. ಅವನ ಮೊಮ್ಮಗ ಯಾಕೋಬನಿಗೆ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ 1511ರಲ್ಲಿ ಕುಲೀನ ಪದವಿ ಕೊಟ್ಟ, 1514ರಲ್ಲಿ ಕೌಂಟ್ ಮಾಡಿದ. ಆದರೆ ಸ್ವಂತ ಊರಿನ ಪೆಟ್ರೀಷಿಯನ್, ಅಂದರೆ ಊರಾಳುವ ಹಳೇ ಮನೆತನಗಳ ಪಟ್ಟಿಗೆ ಫುಗ್ಗರ್‌ಗಳು ಸೇರಿದ್ದು 1538ರಲ್ಲಿ. ಹನ್ಸ್ ಊರಿಗೆ ಬಂದು 171 ವರ್ಷ ಆದ ಮೇಲೆ! ಚಕ್ರವರ್ತಿಯ ಬಾಗಿಲು ಮೊದಲು ತೆರೆಯಿತು, ಊರಿನ ಬಾಗಿಲು ಆಮೇಲೆ. ಇದು ಹೇಗೆ ಸಾಧ್ಯ? ಯಾರಿಗಾದರೂ ಗೊತ್ತಿದ್ದರೆ ಬಿಡಿಸಿ ಹೇಳಿ.

ಹಳೇಪೇಟೆ_ಓದುಗ

ಒಳ್ಳೇ ಪ್ರಶ್ನೆ ಮೇಡಂ. ನನಗೆ ತಿಳಿದಷ್ಟು ಹೇಳುತ್ತೇನೆ.

ಆಗ್ಸ್‌ಬರ್ಗ್ ಆಗ ಸ್ವತಂತ್ರ ನಗರ. ಅದರ ಮೇಲೆ ಸಾಮಂತ ಅಂತ ಯಾರೂ ಇರಲಿಲ್ಲ, ನೇರ ಚಕ್ರವರ್ತಿಗೆ ಮಾತ್ರ ನಿಷ್ಠೆ. ಊರನ್ನು ನಡೆಸುತ್ತಿದ್ದುದು ನಗರ ಸಭೆ. ಆ ಸಭೆಯಲ್ಲಿ ತಲೆತಲಾಂತರದಿಂದ ಕೂರುತ್ತಿದ್ದ ಹಳೇ ಮನೆತನಗಳೇ ಪೆಟ್ರೀಷಿಯನ್‌ಗಳು. ಇದು ರಾಜ ಕೊಡುವ ಪದವಿ ಅಲ್ಲ. ಊರಿನೊಳಗಿನ ಒಂದು ಮುಚ್ಚಿದ ಪಟ್ಟಿ. ನಿಮ್ಮಲ್ಲಿ ಎಷ್ಟೇ ದುಡ್ಡಿರಲಿ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಇಲ್ಲ, ಅಷ್ಟೇ.

ಹನ್ಸ್ ಬಂದ ಮರುವರ್ಷವೇ, 1368ರಲ್ಲಿ, ಊರಿನ ಕಸುಬುದಾರರು ಒಟ್ಟಾಗಿ ಎದ್ದು ನಿಂತು ಸಭೆಯಲ್ಲಿ ತಮಗೂ ಪಾಲು ಬೇಕು ಅಂತ ಪಡೆದುಕೊಂಡರು. ನೇಕಾರರ ಸಂಘ ಅದರಲ್ಲಿ ಬಲವಾದದ್ದು. ಹನ್ಸ್‌ನ ಎರಡನೇ ಮದುವೆ ಆಗಿದ್ದು ಆ ಸಂಘದ ಮುಖ್ಯಸ್ಥನ ಮಗಳು ಎಲಿಜಬೆತ್ ಜೊತೆ. ಅಲ್ಲಿಂದ ಸಂಘದಲ್ಲಿ ಅವನ ಮಾತಿಗೆ ತೂಕ ಬಂತು. ಅಂದರೆ ಫುಗ್ಗರ್‌ಗಳು ಮೇಲೆ ಬಂದಿದ್ದು ಕಸುಬುದಾರರ ಕಡೆಯಿಂದ, ಹಳೇ ಮನೆತನಗಳ ಕಡೆಯಿಂದ ಅಲ್ಲ.

ಹಳೇ ಮನೆತನದವರು ಸೇರುತ್ತಿದ್ದ ಒಂದು ಪಾನಗೃಹ ಇತ್ತು. ಅಲ್ಲಿಗೆ ಪೆಟ್ರೀಷಿಯನ್‌ಗಳು ಮತ್ತು ಅವರ ಮನೆಗೆ ಹೆಣ್ಣು ಕೊಟ್ಟು ತಂದವರಿಗೆ ಮಾತ್ರ ಪ್ರವೇಶ. ಯಾಕೋಬ್ 1498ರಲ್ಲಿ ಸಿಬಿಲ್ಲಾ ಆರ್ಟ್ಸ್ಟ್ ಎಂಬ ದೊಡ್ಡ ಮನೆತನದ ಹುಡುಗಿಯನ್ನು ಮದುವೆಯಾದ. ಅವನಿಗೆ 39, ಅವಳಿಗೆ ಸುಮಾರು 18. ಈ ಮದುವೆಯಿಂದ ಆ ಪಾನಗೃಹದೊಳಗೆ ಕಾಲಿಡಲು ಆಯಿತು. ಆದರೆ ಪಟ್ಟಿಗೆ ಸೇರಲು ಆಗಲಿಲ್ಲ.

1538ರಲ್ಲಿ ಏನಾಯಿತು ಅಂದರೆ, ಹಳೇ ಮನೆತನಗಳು ಒಂದೊಂದಾಗಿ ನಿಂತುಹೋಗಿ ಬೆರಳೆಣಿಕೆಯಷ್ಟು ಉಳಿದಿದ್ದವು. ಸಭೆಯ ಕೆಲಸಕ್ಕೆ ಜನ ಸಾಲದಾಯಿತು. ಆಗ ಸುಮಾರು 40 ಹೊಸ ಮನೆತನಗಳನ್ನು ಒಟ್ಟಿಗೆ ಸೇರಿಸಿಕೊಂಡರು. ಫುಗ್ಗರ್‌ಗಳ ಹೆಸರು ಅದರಲ್ಲಿ ಬಂತು. ಯಾಕೋಬ್ ಸತ್ತು 13 ವರ್ಷವಾಗಿತ್ತು.

ಬನಹಟ್ಟಿ_ಮಗ್ಗ

ನಾ ನೇಕಾರ ಮನೆಯವನು, ಅದಕ್ಕೇ ಈ ಚರ್ಚೆ ಬಿಡಲಾಗಲಿಲ್ಲ. ಹನ್ಸ್ ನೇಯುತ್ತಿದ್ದ ಬಟ್ಟೆ ಯಾವುದು ಅಂತ ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ಅದಕ್ಕೆ ಬಾರ್ಷೆಂಟ್ ಅನ್ನುತ್ತಾರೆ. ಹಾಸು ಅಗಸೆ ನಾರಿನದು, ಹೊಕ್ಕು ಹತ್ತಿಯದು. ಅಗಸೆ ಅವರ ಸುತ್ತಮುತ್ತಲ ಹೊಲದಲ್ಲೇ ಬೆಳೆಯುತ್ತಿತ್ತು. ಹತ್ತಿ ಮಾತ್ರ ಅಲ್ಲಿ ಬೆಳೆಯುವುದಿಲ್ಲ. ಸಿರಿಯಾ, ಈಜಿಪ್ಟ್ ಕಡೆಯಿಂದ ಹಡಗಿನಲ್ಲಿ ವೆನಿಸ್‌ಗೆ ಬಂದು, ಅಲ್ಲಿಂದ ಆಲ್ಪ್ಸ್ ಬೆಟ್ಟ ದಾಟಿ ಬರಬೇಕು.

ಇಡೀ ಕಥೆಯ ಬೀಜ ಇಲ್ಲೇ ಇದೆ ನೋಡಿ. ಮಗ್ಗದ ಮುಂದೆ ಕೂತವನು ಒಂದು ದಿನಕ್ಕೆ ನೇಯುವುದು ಇಷ್ಟೇ ಅಂತ ಇರುತ್ತದೆ. ಕೈ ಎರಡೇ. ಆದರೆ ಹತ್ತಿ ತರಿಸಿ ಬೇರೆ ನೇಕಾರರಿಗೆ ಕೊಟ್ಟು, ಅವರು ನೇಯ್ದ ಬಟ್ಟೆ ತೆಗೆದುಕೊಂಡು ಮಾರುವವನಿಗೆ ಮಿತಿ ಇಲ್ಲ. ನಮ್ಮ ಕಡೆ ನೂಲು ಕೊಟ್ಟು ಸೀರೆ ತೆಗೆದುಕೊಂಡು ಮಜೂರಿ ಕೊಡುವ ಮಾಲೀಕರು ಇದ್ದಾರಲ್ಲ, ಅದೇ ದಾರಿ. ಹನ್ಸ್ ತನ್ನ ಕಾಲದಲ್ಲೇ ಮಗ್ಗದಿಂದ ಎದ್ದು ವ್ಯಾಪಾರಕ್ಕೆ ಬಂದ. ನಮ್ಮ ಅಜ್ಜ ಸಾಯುವ ತನಕ ಕುಣಿಮಗ್ಗದಿಂದ ಏಳಲಿಲ್ಲ. ಹಾಗಾಗಿ ಇದು ನನಗೆ ಬರೀ ಇತಿಹಾಸ ಅನ್ನಿಸುವುದಿಲ್ಲ.

ಇನ್ನೊಂದು ಮಾತು. ಎಲ್ಲರೂ ಯಾಕೋಬ್ ಯಾಕೋಬ್ ಅನ್ನುತ್ತಾರೆ. ಅವನ ತಾಯಿ ಬಾರ್ಬರಾ ಬೆಸಿಂಗರ್ ಬಗ್ಗೆ ಓದಿ. ಆಕೆಯ ತಂದೆ ಟಂಕಸಾಲೆಯ ಮುಖ್ಯಸ್ಥ. 1469ರಲ್ಲಿ ಗಂಡ ತೀರಿಕೊಂಡ. ಮನೆ ತುಂಬ ಮಕ್ಕಳು. ಆಕೆ ಮತ್ತೆ ಮದುವೆಯಾಗದೆ, ಮನೆ ಆಸ್ತಿ ಕರಗದಂತೆ 1497ರಲ್ಲಿ ಸಾಯುವವರೆಗೂ ವ್ಯವಹಾರದ ಮೇಲೆ ಕಣ್ಣಿಟ್ಟು ಬೆಳೆಸಿದಳು. ಹನ್ಸ್‌ನ ಹೆಂಡತಿ ಎಲಿಜಬೆತ್ ಕೂಡ ಗಂಡ ಸತ್ತ ಮೇಲೆ ಸುಮಾರು 28 ವರ್ಷ ವ್ಯವಹಾರ ನಡೆಸಿದ್ದಳು. ಎರಡು ತಲೆಮಾರು ಈ ಮನೆಯನ್ನು ಹಿಡಿದು ನಿಲ್ಲಿಸಿದ್ದು ವಿಧವೆಯರು.

ಕೋಲಾರ_ಚಿನ್ನ

ಫುಗ್ಗರ್‌ಗಳಲ್ಲಿ ಜಿಂಕೆ ಫುಗ್ಗರ್, ಲಿಲ್ಲಿ ಫುಗ್ಗರ್ ಅಂತ ಎರಡು ಇದೆ ಅಂತ ಓದಿದ ನೆನಪು. ಇದೇನು?

ಹಳೇಪೇಟೆ_ಓದುಗ

ಹೌದು, ಹನ್ಸ್‌ನ ಇಬ್ಬರು ಗಂಡುಮಕ್ಕಳಿಂದ ಎರಡು ಕವಲು. ದೊಡ್ಡವನು ಆಂಡ್ರಿಯಾಸ್‌ನ ಮಕ್ಕಳಿಗೆ 1462ರಲ್ಲಿ ಜಿಂಕೆಯ ಲಾಂಛನ ಸಿಕ್ಕಿತು. ಚಿಕ್ಕವನ ಮಕ್ಕಳಿಗೆ, ಅಂದರೆ ಯಾಕೋಬನ ಅಣ್ಣಂದಿರಿಗೆ, 1473ರಲ್ಲಿ ಲಿಲ್ಲಿ ಹೂವಿನ ಲಾಂಛನ. ಚಕ್ರವರ್ತಿ ಮೂರನೇ ಫ್ರೆಡರಿಕ್‌ನ ಪ್ರಯಾಣಕ್ಕೆ ಇವರು ಬಟ್ಟೆ ಒದಗಿಸಿದ್ದರು, ಅದಕ್ಕೆ ಸಿಕ್ಕ ಮರ್ಯಾದೆ.

ಆಗ ಜಿಂಕೆಯವರೇ ಜಾಸ್ತಿ ಶ್ರೀಮಂತರು. ಆದರೆ ಅವರು ಫ್ರೆಡರಿಕ್‌ನ ಮಗ ಮ್ಯಾಕ್ಸಿಮಿಲಿಯನ್‌ಗೆ ಕೊಟ್ಟ ಒಂದು ಸಾಲಕ್ಕೆ ಇವತ್ತಿನ ಬೆಲ್ಜಿಯಂನ ಲೂವೆನ್ ನಗರವನ್ನು ಜಾಮೀನು ತೆಗೆದುಕೊಂಡಿದ್ದರು. ಸಾಲ ತೀರಲಿಲ್ಲ. ಲೂವೆನ್‌ನವರು ಕೊಡುವುದಿಲ್ಲ ಅಂದುಬಿಟ್ಟರು. 1490ರ ದಶಕದಲ್ಲಿ ಆ ಕವಲು ದಿವಾಳಿಯಾಯಿತು. ಅವರಲ್ಲಿ ಕೆಲವರು ಲಿಲ್ಲಿ ಕವಲಿನ ಕಂಪನಿಯಲ್ಲೇ ಸಂಬಳಕ್ಕೆ ಸೇರಿದರು. ದೊಡ್ಡಪ್ಪನ ಮಕ್ಕಳು ಚಿಕ್ಕಪ್ಪನ ಮಕ್ಕಳ ಹತ್ತಿರ ನೌಕರರು. ಓದುವಾಗ ಸಂಕಟವಾಗುತ್ತದೆ.

ಕೋಲಾರ_ಚಿನ್ನ

ಹಾಗಾದರೆ ಯಾಕೋಬ್ ಅದೇ ಮ್ಯಾಕ್ಸಿಮಿಲಿಯನ್‌ಗೆ ಸಾಲ ಕೊಟ್ಟೂ ಹೇಗೆ ಉಳಿದ? ನಾನು ಗಣಿ ಊರಿನವನು, ಅವನ ಬೆಳ್ಳಿ ಗಣಿಗಳ ಬಗ್ಗೆ ಹೇಳಿ.

ಮ್ಯೂನಿಕ್_ಕನ್ನಡತಿ

ಇದನ್ನು ನಾನೇ ಹೇಳುತ್ತೇನೆ, ಈ ವಾರ ಪೂರ್ತಿ ಇದೇ ಓದಿದ್ದು.

ಯಾಕೋಬನನ್ನು ಮೊದಲು ಚರ್ಚಿಗೆ ಬಿಟ್ಟಿದ್ದರು. ಅಣ್ಣಂದಿರು ಕೆಲವರು ಸತ್ತಿದ್ದರಿಂದ ಅವನನ್ನು ವ್ಯಾಪಾರಕ್ಕೆ ಎಳೆದುಕೊಂಡರು. ವೆನಿಸ್‌ನಲ್ಲಿ ಜರ್ಮನ್ ವ್ಯಾಪಾರಿಗಳಿಗೆ ಅಂತಲೇ ಒಂದು ದೊಡ್ಡ ಕಟ್ಟಡ ಇತ್ತು, ತಂಗುವುದು, ಸರಕು ಇಡುವುದು ಎಲ್ಲ ಅಲ್ಲೇ. ಅಲ್ಲಿ ಅವನು ವ್ಯಾಪಾರ ಕಲಿತ. ಇಟಲಿಯವರ ಜಮಾ ಖರ್ಚಿನ ಪದ್ಧತಿ ಜರ್ಮನಿಯವರಿಗಿಂತ ಎಷ್ಟೋ ಮುಂದಿತ್ತು.

ಆಮೇಲೆ ಟಿರೋಲ್, ಆಲ್ಪ್ಸ್ ಬೆಟ್ಟದ ಒಂದು ಸೀಮೆ. ಅಲ್ಲಿನ ದೊರೆ ಸಿಗಿಸ್‌ಮಂಡ್‌ಗೆ ಯಾವಾಗಲೂ ದುಡ್ಡಿನ ಮುಗ್ಗಟ್ಟು. ಆದರೆ ಅವನ ನೆಲದಲ್ಲಿ ಶ್ವಾಟ್ಸ್ ಅನ್ನುವ ಊರಲ್ಲಿ ಬೆಳ್ಳಿ ಇತ್ತು. ಯಾಕೋಬ್ ಮಾತಿನ ಮೇಲೆ ಸಾಲ ಕೊಡಲಿಲ್ಲ. ಗಣಿಯಿಂದ ಬರುವ ಬೆಳ್ಳಿ ದೊರೆಯ ಕೈಗೆ ಹೋಗದೆ ನೇರ ತನ್ನ ಕೈಗೆ ಬರಬೇಕು, ಅದೂ ಪೇಟೆ ಬೆಲೆಗಿಂತ ಕಡಿಮೆಗೆ, ಸಾಲ ತೀರುವ ತನಕ. ಹೀಗೆ ಕರಾರು. ಲೂವೆನ್‌ನವರ ತರಹ ಇಲ್ಲ ಅನ್ನಲು ಯಾರಿಗೂ ಅವಕಾಶವೇ ಇಲ್ಲ, ಮಾಲು ಮೊದಲೇ ಇವನ ಕೈಯಲ್ಲಿ! 1490ರಲ್ಲಿ ಸಿಗಿಸ್‌ಮಂಡ್ ಟಿರೋಲನ್ನು ಮ್ಯಾಕ್ಸಿಮಿಲಿಯನ್‌ಗೆ ಬಿಟ್ಟುಕೊಟ್ಟ. ಗಣಿಯ ಜೊತೆ ಸಾಲಗಾರನೂ ಬದಲಾದ, ಕರಾರು ಮುಂದುವರಿಯಿತು.

1494ರಲ್ಲಿ ಥುರ್ಜೋ ಮನೆತನದವರ ಜೊತೆ ಸೇರಿ ಆಗಿನ ಹಂಗೇರಿಯ ತಾಮ್ರದ ಗಣಿಗೆ ಕೈ ಹಾಕಿದ. ಇವತ್ತಿನ ಸ್ಲೊವಾಕಿಯಾದ ಬಾನ್ಸ್ಕಾ ಬಿಸ್ತ್ರಿತ್ಸಾ ಆ ಊರು. ಥುರ್ಜೋಗಳಿಗೆ ಗಣಿಯ ನೀರು ಎತ್ತುವುದು, ಅದಿರು ಬೇರ್ಪಡಿಸುವುದು ಗೊತ್ತು. ಇವನ ಹತ್ತಿರ ಬಂಡವಾಳ. ಯೂರೋಪಿನ ತಾಮ್ರದ ವ್ಯಾಪಾರದಲ್ಲಿ ದೊಡ್ಡ ಪಾಲು ಇವರದಾಯಿತು. ಈ ತಾಮ್ರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಇನ್ನು 1519. ಮ್ಯಾಕ್ಸಿಮಿಲಿಯನ್ ಸತ್ತ. ಹೊಸ ಚಕ್ರವರ್ತಿಯನ್ನು ಆರಿಸುವವರು ಏಳು ಜನ. ಅವನ ಮೊಮ್ಮಗ ಚಾರ್ಲ್ಸ್ ಒಂದು ಕಡೆ, ಫ್ರಾನ್ಸಿನ ದೊರೆ ಇನ್ನೊಂದು ಕಡೆ. ಚಾರ್ಲ್ಸ್ ಗೆಲ್ಲಲು ಆದ ಖರ್ಚು 8,51,918 ಗುಲ್ಡೆನ್. ಅದರಲ್ಲಿ ಫುಗ್ಗರ್ ಕೊಟ್ಟಿದ್ದು 5,43,585. ಅದೇ ಊರಿನ ವೆಲ್ಸರ್ ಮನೆತನ 1,43,333. ಉಳಿದದ್ದು ಇಟಲಿಯ ಸಾಹುಕಾರರದು. 1523ರಲ್ಲಿ ಸಾಲ ತೀರಿಸುವುದು ತಡವಾದಾಗ ಯಾಕೋಬ್ ಚಕ್ರವರ್ತಿಗೇ ಪತ್ರ ಬರೆದ. ನಾನಿಲ್ಲದಿದ್ದರೆ ತಮಗೆ ಆ ಕಿರೀಟ ಸಿಗುತ್ತಿರಲಿಲ್ಲ, ನನ್ನ ದುಡ್ಡು ಬಡ್ಡಿ ಸಮೇತ ಕೊಡಿಸಿ ಅನ್ನುವುದು ಅದರ ಸಾರ. ನೇಕಾರನ ಮೊಮ್ಮಗ ಬರೆದ ಪತ್ರ ಅದು. ನಾನು ಎರಡು ಸಲ ಓದಿದೆ.

ಬೀದರ್_ಕೋಟೆ

ಎಲ್ಲರೂ ಇವನನ್ನು ಹೊಗಳುತ್ತಿದ್ದೀರಿ. ಕ್ಷಮಿಸಿ, ನನಗೆ ಒಪ್ಪಿಗೆ ಇಲ್ಲ.

ಆಲ್ಬ್ರೆಕ್ಟ್ ಎಂಬ ಕುಲೀನ 1514ರಲ್ಲಿ ಮೈಂಟ್ಸ್‌ನ ಆರ್ಚ್‌ಬಿಷಪ್ ಆಗಲು ರೋಮಿಗೆ ದುಡ್ಡು ಕಟ್ಟಬೇಕಿತ್ತು. ಕೊಟ್ಟಿದ್ದು ಫುಗ್ಗರ್. ಆ ಸಾಲ ತೀರಿಸಲು ಪಾಪ ಕ್ಷಮಾಪತ್ರ ಮಾರಲು ಅನುಮತಿ ಸಿಕ್ಕಿತು. ಬಂದ ದುಡ್ಡಿನಲ್ಲಿ ಅರ್ಧ ರೋಮಿಗೆ, ಅರ್ಧ ಫುಗ್ಗರ್ ಸಾಲಕ್ಕೆ. ಪತ್ರ ಮಾರುವವರ ಜೊತೆ ಫುಗ್ಗರ್ ಗುಮಾಸ್ತರೂ ಹೋಗುತ್ತಿದ್ದರು, ಪೆಟ್ಟಿಗೆಯ ಲೆಕ್ಕ ನೋಡಲು. ಬಡವರು ಸತ್ತ ತಂದೆ ತಾಯಿಯ ಆತ್ಮಕ್ಕೆ ಒಳ್ಳೆಯದಾಗಲಿ ಅಂತ ಹಾಕಿದ ಕಾಸು ಅದು. 1517ರಲ್ಲಿ ಮಾರ್ಟಿನ್ ಲೂಥರ್ ಎದ್ದು ನಿಂತಿದ್ದು ಇದರ ವಿರುದ್ಧವೇ.

1525ರಲ್ಲಿ ರೈತರು ದಂಗೆ ಎದ್ದಾಗ ಅವರನ್ನು ಬಡಿದು ಹಾಕಿದ ಸ್ವಾಬಿಯನ್ ಒಕ್ಕೂಟದ (ದಕ್ಷಿಣ ಜರ್ಮನಿಯ ದೊರೆಗಳು, ನಗರಗಳ ಕೂಟ) ಸೈನ್ಯಕ್ಕೂ ಇವನ ದುಡ್ಡು ಹೋಗಿದೆ. ಇವನ ನಂತರ ಬಂದ ಅಣ್ಣನ ಮಗ ಆಂಟನ್ 1548ರಲ್ಲಿ ಪೋರ್ಚುಗಲ್ ರಾಜನಿಗೆ ಹಿತ್ತಾಳೆ ಬಳೆ ಒದಗಿಸುವ ಒಪ್ಪಂದ ಮಾಡಿಕೊಂಡ. ಆ ಬಳೆಗಳು ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಿದ್ದವು. ಅವುಗಳನ್ನು ಕೊಟ್ಟು ಮನುಷ್ಯರನ್ನೂ ಕೊಳ್ಳುತ್ತಿದ್ದರು. 88 ಸೆಂಟ್ ಬಾಡಿಗೆ ಇದನ್ನೆಲ್ಲ ಮುಚ್ಚುತ್ತದೆಯಾ?

ಮ್ಯೂನಿಕ್_ಕನ್ನಡತಿ

ನೀವು ಹೇಳಿದ್ದೆಲ್ಲ ನಿಜ ಸರ್. ಮುಚ್ಚುವುದಿಲ್ಲ. ಇದನ್ನು ಬರೆದಿದ್ದಕ್ಕೆ ಥ್ಯಾಂಕ್ಸ್. ಮೊದಲ ಪೋಸ್ಟಿನಲ್ಲಿ ನಾನೇ ಬರೆಯಬೇಕಿತ್ತು.

ಆಗಿನ ಜನರೂ ಸುಮ್ನೆ ಇರಲಿಲ್ಲ. 1520ರಲ್ಲಿ ಲೂಥರ್ ಫುಗ್ಗರ್ ಹೆಸರು ಹಿಡಿದೇ ಇಂಥವರ ಬಾಯಿಗೆ ಕಡಿವಾಣ ಹಾಕಬೇಕು ಅಂತ ಬರೆದ. 1523ರಲ್ಲಿ ಏಕಸ್ವಾಮ್ಯದ ಆರೋಪ ಹೊರಿಸಿ ಇವರ ಮೇಲೆ ಮೊಕದ್ದಮೆಯೂ ಶುರುವಾಯಿತು. ಚಾರ್ಲ್ಸ್ ಅದನ್ನು ನಿಲ್ಲಿಸಿದ. ಸಾಲ ಬಾಕಿ ಇತ್ತಲ್ಲ. ಇನ್ನೊಂದು ಸಂಗತಿ ನನ್ನನ್ನು ಬೆಚ್ಚಿಬೀಳಿಸಿತು. 1518ರಲ್ಲಿ ರೋಮಿನ ಕಾರ್ಡಿನಲ್ ಕಯೆಟಾನ್ ಲೂಥರ್‌ನನ್ನು ಕರೆಸಿ ವಿಚಾರಿಸಿದ್ದು ಆಗ್ಸ್‌ಬರ್ಗ್‌ನಲ್ಲಿ, ಫುಗ್ಗರ್ ಮನೆಯಲ್ಲೇ!

ಆದರೂ ಒಂದು ಮಾತು. ದಿನಕ್ಕೆ ಮೂರು ಪ್ರಾರ್ಥನೆ ಅಂತ ಬರೆಸಿದ ಮನುಷ್ಯನಿಗೆ ತನ್ನ ಲೆಕ್ಕದ ಬಗ್ಗೆ ಭಯ ಇತ್ತು ಅಂತ ನನಗೆ ಅನ್ನಿಸುತ್ತದೆ. ಬಡ್ಡಿ ತೆಗೆದುಕೊಳ್ಳುವುದು ಪಾಪ ಅಂತ ಚರ್ಚು ಹೇಳುತ್ತಿದ್ದ ಕಾಲ ಅದು.

ದಾವಣಗೆರೆ_ಬೆಣ್ಣೆ

ಆಂಟನ್ ಫುಗ್ಗರ್ ಚಕ್ರವರ್ತಿಯ ಸಾಲಪತ್ರವನ್ನೇ ದಾಲ್ಚಿನ್ನಿ ಕಟ್ಟಿಗೆಯ ಬೆಂಕಿಯಲ್ಲಿ ಸುಟ್ಟು, ನಿಮ್ಮ ಸಾಲ ಮನ್ನಾ ಅಂದನಂತೆ. ಇದು ಹೌದಾ?

ಹಳೇಪೇಟೆ_ಓದುಗ

ಅದು ಕಟ್ಟುಕಥೆ. ಚಿತ್ರಕಾರರು ಅದನ್ನು ಬಹಳ ಚೆಂದವಾಗಿ ಬಿಡಿಸಿದ್ದಾರೆ, ಅದಕ್ಕೇ ಎಲ್ಲರೂ ನಂಬುತ್ತಾರೆ. ನಿಜಕ್ಕೂ ಫುಗ್ಗರ್‌ಗಳು ಒಂದು ಗುಲ್ಡೆನ್ನೂ ಬಿಡುವವರಲ್ಲ. 1557ರಲ್ಲಿ ಸ್ಪೇನ್ ಸರ್ಕಾರ ಸಾಲಗಳ ಪಾವತಿ ನಿಲ್ಲಿಸಿದಾಗ ಆಂಟನ್‌ಗೆ ಬಿದ್ದ ಏಟು ಸಣ್ಣದಲ್ಲ. ಸಾಲದ ಬದಲು ಇವರಿಗೆ ಸಿಕ್ಕಿದ್ದರಲ್ಲಿ ಸ್ಪೇನಿನ ಅಲ್ಮಾದೆನ್ ಪಾದರಸದ ಗಣಿಯ ಗುತ್ತಿಗೆಯೂ ಒಂದು. ಅದನ್ನು ಮುಂದಿನ ತಲೆಮಾರುಗಳೂ ಹಿಡಿದುಕೊಂಡವು.

ಶರಾವತಿ_ಅಳಿವೆ

ಹೊನ್ನಾವರದಿಂದ ನಮಸ್ಕಾರ. ನೀವೆಲ್ಲ ತಾಮ್ರ, ಬೆಳ್ಳಿ ಅಂತ ಮಾತಾಡುತ್ತಿದ್ದೀರಿ. ಕಾಳುಮೆಣಸಿನ ಮಾತೇ ಬರಲಿಲ್ಲ. ಈ ಕಥೆ ನಮ್ಮೂರಿನ ಬಾಗಿಲಿಗೂ ಬಂದಿದೆ.

1505ರಲ್ಲಿ ಪೋರ್ಚುಗಲ್‌ನಿಂದ ಫ್ರಾನ್ಸಿಸ್ಕೋ ಡಿ ಅಲ್ಮೇಡಾನ ದೊಡ್ಡ ಹಡಗು ಪಡೆ ಹೊರಟಿತು. ಅದರಲ್ಲಿ ಮೂರು ಹಡಗುಗಳಿಗೆ ಬಂಡವಾಳ ಹಾಕಿದವರಲ್ಲಿ ಆಗ್ಸ್‌ಬರ್ಗ್ ಮತ್ತು ನ್ಯೂರೆಂಬರ್ಗ್‌ನ ಸಾಹುಕಾರರು ಇದ್ದರು. ಅವರಲ್ಲಿ ದೊಡ್ಡ ಪಾಲು ವೆಲ್ಸರ್‌ಗಳದು, 20,000 ಕ್ರುಜಾಡೋ (ಪೋರ್ಚುಗಲ್‌ನ ಚಿನ್ನದ ನಾಣ್ಯ). ಫುಗ್ಗರ್‌ಗಳು 4,000 ಹಾಕಿದ್ದರು. ವೆಲ್ಸರ್‌ಗಳ ಕಡೆಯಿಂದ ಬಾಲ್ತಸಾರ್ ಸ್ಪ್ರಿಂಗರ್ ಅನ್ನುವವನು ಹಡಗಿನಲ್ಲಿ ಬಂದು, ವಾಪಸ್ ಹೋದ ಮೇಲೆ ತನ್ನ ಪ್ರಯಾಣದ ಬಗ್ಗೆ ಬರೆದ. ಆ ಪಡೆ ಕಾರವಾರದ ಹತ್ತಿರದ ಅಂಜುದ್ವೀಪದಲ್ಲಿ ಕೋಟೆ ಕಟ್ಟಿತು. ಆಮೇಲೆ ಹೊನ್ನಾವರಕ್ಕೆ ಬಂದು ಇಲ್ಲಿನ ಹಡಗುಗಳಿಗೆ ಬೆಂಕಿ ಇಟ್ಟಿತು. ಆಗ್ಸ್‌ಬರ್ಗ್‌ನ ದುಡ್ಡಿನಿಂದ ಹೊರಟ ಹಡಗು ನಮ್ಮ ಅಳಿವೆಗೆ ತಂದ ಮೊದಲ ಉಡುಗೊರೆ ಅದು. ಶಾಲೆಯಲ್ಲಿ ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಸಂಜೆ ಬಂದರಿನ ಕಡೆ ಹೋದಾಗೆಲ್ಲ ನೆನಪಾಗುತ್ತದೆ.

ಎರಡನೇ ಸಲ 1580ರ ದಶಕದಲ್ಲಿ. ಪೋರ್ಚುಗಲ್ ಆಗ ಸ್ಪೇನಿನ ಎರಡನೇ ಫಿಲಿಪ್ ಕೈಯಲ್ಲಿತ್ತು. ಇಂಡಿಯಾದಲ್ಲಿ ಮೆಣಸು ಕೊಂಡು ಲಿಸ್ಬನ್‌ಗೆ ಸಾಗಿಸುವ ಗುತ್ತಿಗೆಯಲ್ಲಿ ವೆಲ್ಸರ್, ಫುಗ್ಗರ್ ಇಬ್ಬರೂ ಪಾಲು ತೆಗೆದುಕೊಂಡರು. ವರ್ಷಕ್ಕೆ 30,000 ಕ್ವಿಂಟಾಲ್ ಗುರಿ. ಆಗಿನ ಕ್ವಿಂಟಾಲ್ ಅಂದರೆ ಸುಮಾರು 50 ಕೆಜಿ. ಅವರ ಏಜೆಂಟ್ ಆಗಿ ಫರ್ಡಿನಾಂಡ್ ಕ್ರೋನ್ ಎಂಬ ಆಗ್ಸ್‌ಬರ್ಗ್‌ನವನು 1587ರಲ್ಲಿ ಗೋವಾಕ್ಕೆ ಬಂದ. ಗುತ್ತಿಗೆ ಮುಗಿದರೂ ಅವನು ವಾಪಸ್ ಹೋಗಲಿಲ್ಲ. ಗೋವಾದಲ್ಲೇ ಮದುವೆಯಾಗಿ, ದಶಕಗಳ ಕಾಲ ವ್ಯಾಪಾರ ಮಾಡಿ ಬಹಳ ಶ್ರೀಮಂತನಾದ. ಕೊನೆಗೆ ಅವನನ್ನು ಹಿಡಿದು ಲಿಸ್ಬನ್‌ಗೆ ಕಳಿಸಿಬಿಟ್ಟರು.

ಆಗ ನಮ್ಮ ಕಡೆ ಗೇರುಸೊಪ್ಪೆಯಲ್ಲಿ ಆಳುತ್ತಿದ್ದವಳು ರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು 'ಮೆಣಸಿನ ರಾಣಿ' ಅಂತ ಕರೆಯುತ್ತಿದ್ದರು. ಹೊನ್ನಾವರ, ಬಸ್ರೂರು ಕಡೆಯ ಮೆಣಸನ್ನು ಪೋರ್ಚುಗೀಸರು ಕೊಳ್ಳುತ್ತಿದ್ದ ಕಾಲ ಅದೇ.

ಬನಹಟ್ಟಿ_ಮಗ್ಗ

ಅಬ್ಬಾ! ಮೆಣಸಿಗೆ ಬದಲು ಅವರು ಏನು ಕೊಡುತ್ತಿದ್ದರು?

ಮ್ಯೂನಿಕ್_ಕನ್ನಡತಿ

ಬೆಳ್ಳಿ ಮತ್ತು ತಾಮ್ರ. ಅದಕ್ಕೇ ತಾಮ್ರ ನೆನಪಿಟ್ಟುಕೊಳ್ಳಿ ಅಂದಿದ್ದು.

2008ರ ಏಪ್ರಿಲ್‌ನಲ್ಲಿ ನಮೀಬಿಯಾದ ಕಡಲ ತೀರದಲ್ಲಿ ವಜ್ರದ ಗಣಿ ಕೆಲಸಗಾರರಿಗೆ ಮರಳಿನಡಿ ಒಂದು ಹಳೇ ಹಡಗು ಸಿಕ್ಕಿತು. 1533ರಲ್ಲಿ ಲಿಸ್ಬನ್‌ನಿಂದ ಇಂಡಿಯಾಕ್ಕೆ ಹೊರಟು ದಾರಿಯಲ್ಲಿ ಕಾಣೆಯಾದ 'ಬೊಮ್ ಜೆಸುಸ್' ಹಡಗು ಅದು ಅನ್ನುತ್ತಾರೆ ತಜ್ಞರು. ಅದರಲ್ಲಿ 2,000ಕ್ಕೂ ಜಾಸ್ತಿ ಚಿನ್ನದ ನಾಣ್ಯ, ನೂರಕ್ಕೂ ಜಾಸ್ತಿ ಆನೆ ದಂತ, ಮತ್ತೆ ಸುಮಾರು 1,800 ತಾಮ್ರದ ಗಟ್ಟಿಗಳು. ಒಟ್ಟು ತಾಮ್ರ 17 ಟನ್ ಆಗುತ್ತದೆ. ಆ ಗಟ್ಟಿಗಳ ಮೇಲೆ ತ್ರಿಶೂಲದ ಮುದ್ರೆ ಇದೆ. ಅದು ಫುಗ್ಗರ್ ಕಂಪನಿಯ ವ್ಯಾಪಾರದ ಗುರುತು. ನಮ್ಮ ಕಡಲ ತೀರಕ್ಕೆ ಮೆಣಸು ಕೊಳ್ಳಲು ಬರಬೇಕಿದ್ದ ತಾಮ್ರ ಸುಮಾರು 475 ವರ್ಷ ಮರಳಿನಲ್ಲಿ ಮಲಗಿತ್ತು.

ಶರಾವತಿ_ಅಳಿವೆ

ಇದು ಗೊತ್ತೇ ಇರಲಿಲ್ಲ. ಮೈ ಜುಮ್ ಅಂದಿತು ಅಕ್ಕ.

ಕೋಲಾರ_ಚಿನ್ನ

ಈಗ ಆ ಮನೆತನ ಇದೆಯಾ?

ಹಳೇಪೇಟೆ_ಓದುಗ

ಇದೆ. ಯಾಕೋಬನಿಗೆ ಮಕ್ಕಳಿರಲಿಲ್ಲ, ಈಗಿನವರು ಅವನ ಅಣ್ಣ ಗಿಯೋರ್ಗ್‌ನ ಸಂತತಿ. ಆಂಟನ್ ಕಾಲಕ್ಕೆ ವ್ಯಾಪಾರದ ಉಚ್ಛ್ರಾಯ, 1546ರ ಹೊತ್ತಿಗೆ ಬಂಡವಾಳ ಸುಮಾರು 50 ಲಕ್ಷ ಗುಲ್ಡೆನ್. ಆಮೇಲೆ ನಿಧಾನವಾಗಿ ವ್ಯಾಪಾರ ಬಿಟ್ಟು ಜಮೀನು, ಕಾಡು, ಕೋಟೆ ಕಡೆ ತಿರುಗಿದರು. ಮಕ್ಕಳು ಬಿಷಪ್‌ಗಳಾದರು, ಸೈನ್ಯಕ್ಕೆ ಹೋದರು. 1803ರಲ್ಲಿ ಬಾಬೆನ್‌ಹೌಸನ್ ಕವಲಿಗೆ ಪ್ರಿನ್ಸ್ ಪದವಿ ಬಂತು. ಮೂರೇ ವರ್ಷಕ್ಕೆ, 1806ರಲ್ಲಿ, ಅವರ ನೆಲ ಬವೇರಿಯಾಕ್ಕೆ ಸೇರಿ ಸ್ವಂತ ಆಳ್ವಿಕೆ ಮುಗಿಯಿತು. ಗ್ಲೋಟ್ ಕವಲಿನ ಯೋಸೆಫ್ ಎರ್ನ್‌ಸ್ಟ್ ಫುಗ್ಗರ್ ಹಿಟ್ಲರ್ ವಿರೋಧಿ ಗುಂಪಿಗೆ ಸೇರಿ 1944ರಲ್ಲಿ ಜೈಲು ಸೇರಿದರು.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಅವರ ಸುದ್ದಿ ಪತ್ರಗಳು. 1568ರಿಂದ 1605ರವರೆಗೆ ಇಬ್ಬರು ಅಣ್ಣತಮ್ಮಂದಿರು, ಫಿಲಿಪ್ ಎಡ್ವರ್ಡ್ ಮತ್ತು ಒಕ್ಟಾವಿಯನ್ ಸೆಕುಂಡಸ್, ಲೋಕದ ಎಲ್ಲ ಕಡೆಯಿಂದ ಬರುತ್ತಿದ್ದ ಸುದ್ದಿ ಪತ್ರಗಳನ್ನು ಕಟ್ಟು ಕಟ್ಟಿ ಇಟ್ಟರು. 27 ಸಂಪುಟ, ಸುಮಾರು 16,000 ಪತ್ರ. ಈಗ ವಿಯೆನ್ನಾದಲ್ಲಿವೆ. ಮೇಲೆ ಹೇಳಿದ ಮೆಣಸಿನ ಗುತ್ತಿಗೆಯಲ್ಲಿ ಇದ್ದವರೂ ಈ ಅಣ್ಣತಮ್ಮಂದಿರೇ.

ಬನಹಟ್ಟಿ_ಮಗ್ಗ

ಕೊನೆಯದಾಗಿ ಒಂದು ಕೇಳಲಾ ಅಕ್ಕ? ಆ ಕೇರಿಯಲ್ಲಿ ನೇಕಾರರೂ ಇದ್ದರಾ?

ಮ್ಯೂನಿಕ್_ಕನ್ನಡತಿ

ಮೊದಲು ಅಲ್ಲಿಗೆ ಬಂದವರು ಕೈಕಸುಬಿನವರು, ದಿನಗೂಲಿಯವರು. ಮನೆಯಲ್ಲೇ ಕೆಲಸ ಮಾಡಿಕೊಂಡು ಇರುತ್ತಿದ್ದರು. ಸಂಗೀತಗಾರ ಮೊಜಾರ್ಟ್‌ನ ಮುತ್ತಜ್ಜ ಫ್ರಾಂಟ್ಸ್ ಮೊಜಾರ್ಟ್ ಗಾರೆ ಕೆಲಸದವನು, ಅವನೂ ಅಲ್ಲಿದ್ದ. 1944ರ ಫೆಬ್ರವರಿಯಲ್ಲಿ ಬಾಂಬ್ ಬಿದ್ದು ಕೇರಿಯ ಬಹುಪಾಲು ಹಾಳಾಯಿತು. ಮನೆತನದವರು ಕೆಲವೇ ದಿನಗಳಲ್ಲಿ ಮತ್ತೆ ಕಟ್ಟುವುದು ಅಂತ ತೀರ್ಮಾನ ಮಾಡಿದರು. ಈಗ ಸುಮಾರು 150 ಜನ ಇದ್ದಾರೆ. ಖರ್ಚಿಗೆ ಮನೆತನದ ದತ್ತಿಯ ಕಾಡಿನಿಂದ ಬರುವ ಆದಾಯ ಮತ್ತು ನಮ್ಮಂಥವರು ಕೊಡುವ ಟಿಕೆಟ್ ದುಡ್ಡು. ಬಾಗಿಲ ಗಂಟೆ ಎಳೆಯುವ ಹಿಡಿಗಳು ಒಂದೊಂದು ಮನೆಯಲ್ಲಿ ಒಂದೊಂದು ಆಕಾರ. ದೀಪ ಇಲ್ಲದ ಕಾಲದಲ್ಲಿ ಕತ್ತಲಲ್ಲಿ ಕೈಯಲ್ಲಿ ಮುಟ್ಟಿ ತಮ್ಮ ಮನೆ ಗುರುತಿಸಲು ಹಾಗೆ ಮಾಡಿದ್ದಂತೆ. ನಾನೂ ಒಂದನ್ನು ಮುಟ್ಟಿ ನೋಡಿದೆ, ಎಳೆಯಲಿಲ್ಲ.

ಬಾಗಿಲ ಮೇಲೆ 1519 ಅಂತ ಇಸವಿ ಇರುವ ಲ್ಯಾಟಿನ್ ಕಲ್ಲು ಇದೆ. ಅದರಲ್ಲಿ ಯಾಕೋಬ್ ಒಬ್ಬನ ಹೆಸರಿಲ್ಲ. ಉಲ್ರಿಚ್, ಗಿಯೋರ್ಗ್, ಯಾಕೋಬ್, ಒಡಹುಟ್ಟಿದವರು ಅಂತ ಮೂರು ಹೆಸರು ಕೆತ್ತಿಸಿದ್ದಾನೆ. ಆ ಹೊತ್ತಿಗೆ ಗಿಯೋರ್ಗ್ ಸತ್ತು 13 ವರ್ಷ, ಉಲ್ರಿಚ್ ಸತ್ತು 9 ವರ್ಷ ಆಗಿತ್ತು.